ಉದಯಗಳ ಊರಿಗೆ ಬಂದ ಎಮ್ಮೆ

ಎಮ್ಮೆಯ ಜೊತೆ ವಾದಕ್ಕೆ ಕೂತು, ಮಾತಿನಲ್ಲಿ ಎಮ್ಮೆಯನ್ನು ಸೋಲಿಸಿದ ಗಂಡಸು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಸುಳ್ಳು. ಗೆದ್ದದ್ದು ಎಮ್ಮೆ. ಆದರೆ ವಾದ ನಡೆದದ್ದು ನಿಜ, ಎಮ್ಮೆ ಬಂದದ್ದು ನಿಜ, ಅದರ ಕೊಂಬಿಗೆ ಹಾಡುಹಗಲಲ್ಲಿ ಉರಿಯುವ ಕಂದೀಲು ತೂಗುತ್ತಿದ್ದದ್ದೂ ನಿಜ. ಕೂತುಕೊಳ್ಳಿ ಸಾರ್. ಹೇಗೂ ಟೀ ಹೇಳಿದ್ದೀರಿ, ನನಗೂ ಒಂದು ಹೇಳಿ. ಎಮ್ಮೆ ಬರುವುದು ಸ್ವಲ್ಪ ತಡವಾಗುತ್ತದೆ. ಅದಕ್ಕೆ ಮೊದಲು ಊರು ಬರಬೇಕು.

ಆ ಊರು ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ನಾನು ಅಲ್ಲಿಗೆ ಹೋದದ್ದು ಬಸ್ಸಿನಲ್ಲಿ ನಿದ್ದೆ ಹೋಗಿ, ಇಳಿಯಬೇಕಾದ ಜಾಗ ದಾಟಿದ ಮೇಲೆ.

ಆ ಊರಿನಲ್ಲಿ ಒಂದು ವಿದ್ಯಾಪೀಠ. ವಿದ್ಯಾಪೀಠದಲ್ಲಿ ಒಂದೇ ವಿದ್ಯೆ. ಮಧ್ಯಾಹ್ನ ಊಟ, ಊಟದ ಮೇಲೆ ಮಜ್ಜಿಗೆ, ಮಜ್ಜಿಗೆಯ ಮೇಲೆ ಚಾಪೆ, ಚಾಪೆಯ ಮೇಲೆ ನಿದ್ದೆ, ನಿದ್ದೆಯ ಒಳಗೆ ಕನಸು. ಬಿಸಿಲು ಇಳಿದ ಮೇಲೆ ಒಬ್ಬೊಬ್ಬರೇ ಕಲ್ಲಿನ ಮೆಟ್ಟಿಲು ಹತ್ತಿ, ಹಿರಿಯರ ಮುಂದೆ ನಿಂತು, ಕಂಡ ಕನಸನ್ನು ಹೇಳಬೇಕು. ಇಂಥಾ ಯೂನಿವರ್ಸಿಟಿ ನಮಗೂ ಇದ್ದಿದ್ದರೆ ನಾನು ಚಿನ್ನದ ಪದಕ ಹೊಡೆಯುತ್ತಿದ್ದೆ ಅಂತ ನಿಮಗೆ ಅನ್ನಿಸುತ್ತಿರಬೇಕು. ನನಗೂ ಅನ್ನಿಸಿತು. ಆದರೆ ಅದು ಅಷ್ಟು ಸುಲಭವಿರಲಿಲ್ಲ.

ಯಾಕೆಂದರೆ ಆ ಊರಿನಲ್ಲಿ ಹುಟ್ಟಿದವರಿಗೆ ಯಾರೂ ಹೆಸರಿಡುವುದಿಲ್ಲ. ಹೆಸರನ್ನು ಅವರವರೇ ಕನಸಿನಿಂದ ತರಬೇಕು. ಹಿರಿಯರು ಕನಸನ್ನು ಕೇಳುತ್ತಾರೆ, ತಲೆದೂಗುತ್ತಾರೆ, ಕೊನೆಯಲ್ಲಿ ಕಂಡದ್ದು ಯಾವುದೋ ಅದನ್ನೇ ಹೆಸರಾಗಿ ಕೂಗಿ ಹೇಳುತ್ತಾರೆ. ಒಬ್ಬನ ಕನಸು ಜೇನುಗೂಡಿನಲ್ಲಿ ಮುಗಿದರೆ ಅವನು ಜೇನುಗೂಡು. ಒಬ್ಬಳದು ಒಂಟಿ ಚಪ್ಪಲಿಯಲ್ಲಿ ಮುಗಿದರೆ ಅವಳು ಸಾಯುವವರೆಗೂ ಒಂಟಿ ಚಪ್ಪಲಿ, ಮೊಮ್ಮಕ್ಕಳಿಗೆ ಚಪ್ಪಲಜ್ಜಿ. ಅವಮಾನವೇನಿಲ್ಲ, ಆ ಹೆಸರು ಊರಲ್ಲಿ ಮತ್ತೊಬ್ಬರಿಗೆ ಇರುವುದಿಲ್ಲವಲ್ಲ. ವಿದ್ಯಾಪೀಠದ ದೊಡ್ಡ ಹಿರಿಯರ ಹೆಸರೇ ಸೌತೆಕಾಯಿ. ಬಿಳಿ ಗಡ್ಡ, ಜರಿ ಪೇಟ, ಗಂಭೀರ ಮುಖ. ಜನ ಎದ್ದು ನಿಂತು, 'ಸೌತೆಕಾಯಿಯವರು ಬಂದರು' ಅಂತ ದಾರಿ ಬಿಡುತ್ತಿದ್ದರು. ಒಬ್ಬನೂ ನಗುತ್ತಿರಲಿಲ್ಲ. ನಾನೊಬ್ಬ ನಕ್ಕೆ, ಆಮೇಲೆ ಕೆಮ್ಮಿದೆ.

ಹೆಸರು ತರಲಾಗದವರನ್ನು 'ಏ' ಅಂತಾರೆ. ಏ, ಇಲ್ಲಿ ಬಾ. ಏ, ಆ ಕಡೆ ಸರಿ. ಅಷ್ಟೇ.

ಊರಿನ ಪಡುವಣದ ಬೀದಿಯಲ್ಲಿ ಹತ್ತಿ ಹಿಂಜುವವಳೊಬ್ಬಳು ಇದ್ದಳು. ಅವಳು 'ಏ'. ಕನಸು ಕಾಣಲಿಕ್ಕೆ ಅವಳಿಗೆ ಬಾರದು ಅಂತಲ್ಲ, ಊರೆಲ್ಲ ಮಲಗುವ ಹೊತ್ತಿಗೆ ಅವಳ ಹತ್ತಿ ಹಿಂಜುವ ಬಿಲ್ಲು ಟಂಯ್ ಟಂಯ್ ಅನ್ನಬೇಕಿತ್ತು. ಎಲ್ಲರೂ ಮಲಗಬೇಕಾದರೆ ಹಾಸಿಗೆ ಬೇಕು, ಹಾಸಿಗೆಗೆ ಹತ್ತಿ ಬೇಕು, ಹತ್ತಿಗೆ ಎಚ್ಚರವಾಗಿರುವವರೊಬ್ಬರು ಬೇಕು. ಅವಳಿಗೆ ಒಬ್ಬಳು ಮಗಳು. ಮಗಳು ವಿದ್ಯಾಪೀಠದಲ್ಲಿ ಮಲಗುತ್ತಿದ್ದಳು.

ಮಗಳಿಗೆ ಕನಸು ಬರುತ್ತಿತ್ತು. ದಿನವೂ ಒಂದೇ ಕನಸು. ಒಂದು ಎಮ್ಮೆ. ಎಮ್ಮೆಯ ಕೊಂಬಿಗೆ ಉರಿಯುವ ಕಂದೀಲು. ಹಾಡುಹಗಲು, ಬಿಸಿಲು ಕಣ್ಣಿಗೆ ರಾಚುವಂತಿದೆ, ಆದರೂ ಕಂದೀಲು. ಎಮ್ಮೆ ಬೀದಿಯ ಆ ತುದಿಯಿಂದ ನಡೆದು ಬಂದು, ಇವಳ ಮನೆಯ ಬಾಗಿಲಲ್ಲಿ ನಿಂತು, ಕತ್ತು ಚಾಚಿ ಕೇಳುತ್ತದೆ: 'ಇದು ಯಾರ ಮನೆ?'

ಹುಡುಗಿ ಬಾಯಿ ತೆರೆಯುತ್ತಾಳೆ. ಯಾರ ಮನೆ ಅಂತ ಹೇಳುವುದು? ಅವ್ವನಿಗೆ ಹೆಸರಿಲ್ಲ, ತನಗೆ ಇಲ್ಲ. ತೆರೆದ ಬಾಯಿ ತೆರೆದ ಹಾಗೇ ಎಚ್ಚರವಾಗುತ್ತದೆ.

ಅರ್ಧ ಕನಸಿಗೆ ಹೆಸರಿಲ್ಲ. ವರ್ಷದ ಕೊನೆಯಲ್ಲಿ ಹೆಸರಿನ ಸಂಜೆ ಬರುತ್ತದೆ. ಆ ಸಂಜೆ ದಾಟಿಯೂ ಹೆಸರು ತರದವರು ಚಾಪೆ ಸುತ್ತಿಕೊಂಡು ಮನೆಗೆ ಹೋಗಬೇಕು, ಆಮೇಲೆ ಎಂದೆಂದಿಗೂ 'ಏ'. ಹುಡುಗಿಗೆ ಅದು ಕೊನೆಯ ವರ್ಷ.

ಇನ್ನು ದಿಂಬು ಬರಲಿ.

ದಿಂಬು ತಂದವನು ಒಬ್ಬ ವ್ಯಾಪಾರಿ. ಬಿಳಿ ಜುಬ್ಬ, ಬಿಳಿ ಚಪ್ಪಲಿ, ಬಾಯಿತುಂಬ ನಗು. ಊರಿನಲ್ಲಿ ಸತ್ತವರು, ಮುದುಕರು, ಬೇರೆ ಊರಿಗೆ ಹೋದವರು ಬಿಟ್ಟ ಹಳೇ ದಿಂಬುಗಳನ್ನೆಲ್ಲ ಅವನು ಗುಡ್ಡೆ ಹಾಕಿದ್ದ. ಜೇನುಗೂಡಿನ ದಿಂಬು, ಒಂಟಿ ಚಪ್ಪಲಿಯ ದಿಂಬು, ಸೌತೆಕಾಯಿಯವರ ಬಾಲ್ಯದ ದಿಂಬು. ಅವುಗಳಲ್ಲಿ ಇಳಿದಿದ್ದ ಕನಸುಗಳ ಸಮೇತ ಹತ್ತಿಯನ್ನು ಬಿಚ್ಚಿಸಿ, ಹಿಂಜಿಸಿ, ಕಲಸಿ, ಎತ್ತಿನ ಗಾಡಿಯಷ್ಟು ದೊಡ್ಡದೊಂದು ದಿಂಬು ಹೊಲಿಸಿದ. ಹಿಂಜಿದವಳು ಯಾರು? ಇನ್ಯಾರು, ನಮ್ಮ 'ಏ'. ಯಾತಕ್ಕೆ ಅಂತ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ, ಯಾರನ್ನು ಕೇಳಿ ಈ ದಿಂಬುಗಳನ್ನು ಎತ್ತಿಕೊಂಡೆ ಅಂತ ಅವನನ್ನೂ ಯಾರೂ ಕೇಳಲಿಲ್ಲ.

ದಿಂಬನ್ನು ವಿದ್ಯಾಪೀಠದ ಪಕ್ಕದ ಮಂಟಪದಲ್ಲಿ ಇಟ್ಟರು. ಅದರ ಯಾವುದಾದರೊಂದು ಮೂಲೆಗೆ ಬಾಯಿಟ್ಟು, ಇಂಥಾ ಕನಸು ಬೇಕು ಅಂತ ಪಿಸುಗುಟ್ಟಿ ತಲೆಯಿಟ್ಟರೆ ಸಾಕು. ಮಜ್ಜಿಗೆ ಗಂಟಲಿನಿಂದ ಇಳಿಯುವುದರೊಳಗೆ ಕನಸು ತಯಾರು. ಪೂರಾ ಕನಸು. ಮೊದಲು, ನಡುವೆ, ಕೊನೆ, ಮೂರೂ ಇರುವ ಕನಸು.

ಒಂದು ನದಿ. ನದಿಯ ದಡದಲ್ಲಿ ಮರ. ಮರದ ಕೆಳಗೆ ಅಜ್ಜಿ. ಅಜ್ಜಿ ಒಂದು ಬೀಜ ಕೊಡುತ್ತಾಳೆ. ಬೀಜ ಹಿಡಿದು ಬೆಟ್ಟ ಹತ್ತಿದರೆ ತುದಿಯಲ್ಲಿ ಸೂರ್ಯ ಹುಟ್ಟುತ್ತಾನೆ. 'ಒಟ್ಟಿನಲ್ಲಿ ಹೇಳುವುದಾದರೆ, ಪಯಣವೇ ಮುಖ್ಯ' ಅಂತ ಯಾರೋ ಮರೆಯಿಂದ ಹೇಳುತ್ತಾರೆ.

ಹುಲಿಯ ಕನಸು ಬೇಕು ಅಂತ ಪಿಸುಗುಟ್ಟಿದರೆ? ಹುಲಿ ನದಿ ದಾಟುತ್ತದೆ, ಮರದ ಕೆಳಗಿನ ಅಜ್ಜಿಯನ್ನು ಮಾತಾಡಿಸುತ್ತದೆ, ಬೆಟ್ಟ ಹತ್ತುತ್ತದೆ, ಸೂರ್ಯ ಹುಟ್ಟುತ್ತಾನೆ. ಸಾಲಗಾರರ ಕನಸು ಬೇಕು ಅಂದರೂ ಅಷ್ಟೇ, ಸಾಲಗಾರರೆಲ್ಲ ಬೆಟ್ಟ ಹತ್ತಿ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ದಿಂಬಿನದೇನೂ ತಪ್ಪಿಲ್ಲ ಸಾರ್. ತಮ್ಮ ಕಾಲದಲ್ಲಿ ಸೌತೆಕಾಯಿ ಹೇಳಿ ಪಾಸಾದ ಹಿರಿಯರು ಇತ್ತೀಚೆಗೆ ಪ್ರತಿ ಕನಸಿಗೂ 'ಸಾರಾಂಶ ಏನು? ಸಾರಾಂಶ ಏನು?' ಅಂತ ಜೀವ ತಿನ್ನತೊಡಗಿದ್ದರು. ಬೆಳಕಿನಲ್ಲಿ ಮುಗಿದ ಕನಸಿಗೆ ಬೇಗ ತಲೆದೂಗುತ್ತಿದ್ದರು. ದಿಂಬಿಗೆ ಅದು ಗೊತ್ತಿತ್ತು. ಕೇಳಿದವರಿಗೆ ಕೇಳಿದ್ದನ್ನು ಕೊಟ್ಟಿತು.

ಕೊನೆಯಲ್ಲಿ ಕಂಡದ್ದು ಸೂರ್ಯೋದಯ. ಹಾಗಾಗಿ ಹಿರಿಯರು ಮೊದಲನೆಯವನಿಗೆ 'ಉದಯ' ಅಂತ ಹೆಸರು ಕೂಗಿದರು. ಚಪ್ಪಾಳೆ. ಎರಡನೆಯವಳಿಗೂ ಉದಯ. ಚಪ್ಪಾಳೆ. ಮೂರನೆಯವನಿಗೂ ಉದಯ. ಆಮೇಲೆ ಚಪ್ಪಾಳೆ ಸ್ವಲ್ಪ ಸಪ್ಪಗಾಯಿತು, ಹೆಸರು ಮಾತ್ರ ನಿಲ್ಲಲಿಲ್ಲ.

ನಾನಿದ್ದಾಗಲೇ ನೋಡಿದ್ದು ಹೇಳುತ್ತೇನೆ. ಒಬ್ಬ ತಾಯಿ ಬಾಗಿಲಲ್ಲಿ ನಿಂತು, 'ಉದಯಾ, ಊಟಕ್ಕೆ ಬಾರೋ' ಅಂದಳು. ಇಡೀ ಬೀದಿ ಕೈತೊಳೆದುಕೊಂಡು ಬಂತು. ಒಂದು ಮದುವೆಯಲ್ಲಿ ಹುಡುಗ ಉದಯ, ಹುಡುಗಿ ಉದಯ, ಹುಡುಗಿಯ ತಂಗಿ ಉದಯ. ಪುರೋಹಿತ ಮಂತ್ರದ ನಡುವೆ ನಿಲ್ಲಿಸಿ, 'ತಾಳಿ ಹಿಡಕೊಂಡಿರೋ ಉದಯ ಒಂದು ಹೆಜ್ಜೆ ಮುಂದೆ ಬನ್ನಿ' ಅಂದ. ಇಲ್ಲಿ ಸ್ವಲ್ಪ ಉಪ್ಪುಖಾರ ಸೇರಿಸಿದ್ದೇನೆ. ತಂಗಿಯ ಹೆಸರು ಉದಯ ಇರಲಿಲ್ಲ, ಅವಳಿನ್ನೂ ಚಿಕ್ಕವಳು.

ಈ ಗಲಾಟೆ ಹೆಚ್ಚಾದ ಮೇಲೆ ವಿದ್ಯಾಪೀಠದವರು ಒಬ್ಬನನ್ನು ನೇಮಿಸಿದರು. ಅವನ ಕೆಲಸ ಕೇಳುವುದು. ಅವನನ್ನು ಎಲ್ಲರೂ ಕೇಳುವವನು ಅಂತಲೇ ಕರೆದರು. ಅವನು ಚಾಪೆಯಿಂದ ಚಾಪೆಗೆ ಹೋಗಿ ಕೇಳಿದ.

'ದಿಂಬಿಗೆ ತಲೆ ಕೊಡ್ತೀಯಾ?'

'ಛೆ, ನಾನಾ? ಪಕ್ಕದ ಚಾಪೆಯವನು ಕೊಡ್ತಾನೆ.'

ಪಕ್ಕದ ಚಾಪೆಯವನು, 'ಯಾರು ಹೇಳಿದ್ದು? ಆ ಮೂಲೆಯವನಾ? ಅವನೇ ದಿನಾ ಕೊಡೋದು. ನಾನು ಬರೀ ನದಿಗೆ ಮಾತ್ರ. ನದಿ ತಗೊಂಡು ಬಂದುಬಿಡ್ತೀನಿ, ಮಿಕ್ಕಿದ್ದೆಲ್ಲ ನಂದೇ.'

ಆ ಮೂಲೆಯವನು, 'ನಾನು ಕನಸು ಪೂರಾ ನಾನೇ ಕಾಣ್ತೀನಪ್ಪ. ಆಮೇಲೆ ಒಂದ್ಸಲ ದಿಂಬಿಗೆ ತೋರಿಸ್ತೀನಿ. ಅದು ಸ್ವಲ್ಪ ಬಣ್ಣ ಹಚ್ಚುತ್ತೆ. ಬಣ್ಣ ಹಚ್ಚೋದು ತಪ್ಪಾ?'

ಇನ್ನೊಂದು ಚಾಪೆಯಿಂದ, 'ತಪ್ಪು ಅಂತ ನಂಗೂ ಅನ್ಸುತ್ತೆ ಕಣಣ್ಣ. ಅದಕ್ಕೇ ಕಣ್ಣು ಮುಚ್ಕೊಂಡು ಮಾಡ್ತೀನಿ.'

'ಎಲ್ಲಾರೂ ಬೆಟ್ಟ ಹತ್ತಿರುವಾಗ ನಾನೊಬ್ಬ ಕೆಳಗೆ ನಿಂತು ಏನು ಮಾಡ್ಲಿ, ನೀನೇ ಹೇಳು.'

ಕೇಳುವವನು ಎಲ್ಲವನ್ನೂ ಕೇಳಿಕೊಂಡು ಹೋಗಿ ಹಿರಿಯರಿಗೆ ವರದಿ ಒಪ್ಪಿಸಿದ: ದಿಂಬನ್ನು ಯಾರೂ ಬಳಸುವುದಿಲ್ಲ, ಆದರೆ ಎಲ್ಲರ ಪಕ್ಕದವರೂ ಬಳಸುತ್ತಾರೆ. ಹಿರಿಯರು ಇದನ್ನು ಗಹನವಾದ ಮಾತೆಂದು ಒಪ್ಪಿಕೊಂಡರು. ಕೇಳುವವನ ಕೊನೆಯ ಪ್ರಶ್ನೆ ಮಾತ್ರ ಎಲ್ಲ ಚಾಪೆಗೂ ಒಂದೇ ಆಗಿತ್ತು: 'ಒಟ್ಟಿನಲ್ಲಿ ಹೇಳುವುದಾದರೆ, ಬೆಟ್ಟದ ಮೇಲಿನ ಸೂರ್ಯನ ಬಗ್ಗೆ ನಿನ್ನ ಭಾವನೆ ಏನು?' ಪ್ರಶ್ನೆಗಳನ್ನು ಅವನು ಎಲ್ಲಿಂದ ತಂದನೋ ನಾನು ಹೇಳುವುದಿಲ್ಲ.

ಹಿರಿಯರು ದಿಂಬನ್ನು ನಿಷೇಧಿಸಿದರು. ಮಂಟಪಕ್ಕೆ ಹಗ್ಗ ಕಟ್ಟಿದರು. ಹಗ್ಗದ ಕೆಳಗೆ ನುಸುಳಬಹುದಿತ್ತು, ಎಲ್ಲರೂ ನುಸುಳಿದರು. ಆಗ ಹಿರಿಯರು ಪರೀಕ್ಷೆಯೊಂದನ್ನು ಕಂಡುಹಿಡಿದರು. ಮೆಟ್ಟಿಲು ಹತ್ತುವ ಮೊದಲು ತಲೆ ಬಗ್ಗಿಸಬೇಕು. ಕೂದಲಲ್ಲಿ ಹತ್ತಿಯ ಎಳೆ ಸಿಕ್ಕರೆ ಕಳ್ಳ. ಮರುದಿನದಿಂದಲೇ ಹುಡುಗರು ತಲೆಗೆ ಎಣ್ಣೆ ಸುರಿದುಕೊಂಡು ಬಾಚಿ ಬಾಚಿ ಬಂದರು. ಕೆಲವರು ಬೋಳಿಸಿಕೊಂಡೇ ಬಂದರು. ದಿಂಬಿನ ಮೇಲೆ ಮಲಗಿ ಎದ್ದವರ ತಲೆಗಳು ಕನ್ನಡಿಯ ಹಾಗೆ ಹೊಳೆದವು.

ಹಿರಿಯರಿಗೂ ವಯಸ್ಸಾಗಿತ್ತು, ಅಷ್ಟೊಂದು ಉದಯಗಳನ್ನು ಕೇಳಿ ಕೇಳಿ ಸೊಂಟ ನೋಯುತ್ತಿತ್ತು. ವ್ಯಾಪಾರಿ ಅವರಿಗೆ ಸೊಂಟಕ್ಕೆ ಒತ್ತಿಕೊಳ್ಳಲು ಒಂದೊಂದು ಪುಟ್ಟ ದಿಂಬು ಕೊಟ್ಟಿದ್ದ. ಅದಕ್ಕೆ ಒರಗಿ ಅವರು ಕಣ್ಣು ಮುಚ್ಚಿದರೆ ಸಾಕು, ಪ್ರತಿಯೊಂದು ಕನಸಿಗೂ ದಿಂಬೇ ಒಳಗಿನಿಂದ ಹೇಳುತ್ತಿತ್ತು: 'ಉತ್ತಮ ಪ್ರಯತ್ನ. ಇನ್ನೂ ಸ್ವಲ್ಪ ಆಳ ಬೇಕಿತ್ತು.' ಆ ಪುಟ್ಟ ದಿಂಬುಗಳನ್ನು ನಿಷೇಧಿಸಲಿಲ್ಲ. ಅವು ಸೊಂಟಕ್ಕೆ ಅಲ್ಲವೇ, ತಲೆಗಲ್ಲವಲ್ಲ.

ಹೆಸರಿನ ಸಂಜೆ ಹತ್ತಿರ ಬಂತು. ಹತ್ತಿ ಹಿಂಜುವವಳ ಮಗಳಿಗೆ ಕನಸು ಅಲ್ಲೇ ನಿಂತಿತ್ತು. ಎಮ್ಮೆ, ಕಂದೀಲು, ಬಾಗಿಲು, 'ಇದು ಯಾರ ಮನೆ?' ಎಚ್ಚರ.

ಅವಳ ಗೆಳೆಯನೊಬ್ಬ ಇದ್ದ, ಉದ್ದ ಉದಯ. ಉದಯಗಳ ಪೈಕಿ ಉದ್ದವಾಗಿದ್ದುದರಿಂದ ಹಾಗೆ ಕರೆಯುತ್ತಿದ್ದರು. ಅವನು ಅಂದ, 'ಪೂರಾ ಬೇಡ ಕಣೇ. ಕೊನೆ ಮಾತ್ರ ತಗೋ. ಎಮ್ಮೆ ನಿಂದೇ ಇರ್ಲಿ. ಯಾರು ಬೇಡ ಅಂತಾರೆ ನಿನ್ನ ಎಮ್ಮೇನ?'

'ಕೊನೆ ತಗೊಂಡ್ರೆ ನಾನೂ ಉದಯ ಆಗ್ತೀನಲ್ಲೋ.'

'ಆದ್ರೇನು? ಏ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ ಅಲ್ವಾ?'

ಮನೆಗೆ ಹೋದರೆ ಅವ್ವನದೂ ಅದೇ ರಾಗ. ಬಿಲ್ಲು ಪಕ್ಕಕ್ಕಿಟ್ಟು, ಹತ್ತಿ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಅಂದಳು, 'ಹೋಗಿ ತಲೆ ಇಡೇ. ಆ ದಿಂಬಿನ ಹತ್ತಿ ಹಿಂಜಿದೋಳು ನಾನು. ನನ್ನ ಮಗಳು ಒಂದು ಮಧ್ಯಾಹ್ನ ಅದರ ಮೇಲೆ ತಲೆ ಇಟ್ರೆ ಯಾರ ಗಂಟು ಹೋಗುತ್ತೆ?'

'ಅದು ನನ್ನ ಕನಸಲ್ಲವ್ವ.'

'ನಿನ್ನ ಕನಸು ತಗೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ? ಅದು ಬಾಗಿಲಿಂದ ಒಳಗೇ ಬರಲ್ಲ ಅಂತೀಯ.' ಅವ್ವ ಬಿಲ್ಲನ್ನು ಮತ್ತೆ ಎತ್ತಿಕೊಂಡಳು. 'ನನ್ನನ್ನ ಊರಿಡೀ ಏ ಅಂದಿದೆ. ನಾನು ಸತ್ತ ದಿನವೂ ಏ ಹೋದ್ಲಂತೆ ಅಂತಾರೆ. ನಿಂಗಾದ್ರೂ ಒಂದು ಹೆಸರಿರ್ಲಿ ಕಣೇ. ನೂರು ಜನದ್ದಾದ್ರೂ ಇರ್ಲಿ. ನಾನು ಕೂಗಿದಾಗ ನೂರು ಜನ ತಿರುಗಿ ನೋಡ್ಲಿ, ಅದ್ರಲ್ಲಿ ನೀನೂ ಒಬ್ಳು ಇರ್ತೀಯಲ್ಲ.'

ಇಂಥಾ ಮಾತಿಗೆ ಮಗಳಾದವಳು ಏನು ಹೇಳಬೇಕು? ಎದ್ದು ಹೋದಳು. ಹಗ್ಗದ ಕೆಳಗೆ ನುಸುಳಿದಳು. ದಿಂಬಿನ ಮೂಲೆಗೆ ಬಾಯಿಟ್ಟು, 'ಎಮ್ಮೆ ಬಾಗಿಲಿಗೆ ಬಂದಾಯ್ತು, ಆಮೇಲಿಂದು ಮಾತ್ರ ಕೊಡು' ಅಂತ ಪಿಸುಗುಟ್ಟಿ ತಲೆಯಿಟ್ಟಳು.

ದಿಂಬು ತಡಮಾಡಲಿಲ್ಲ. ಎಮ್ಮೆ ಬಾಗಿಲಲ್ಲಿ ನಿಂತಿತು. 'ಇದು ನಮ್ಮೆಲ್ಲರ ಮನೆ' ಅಂತ ಎಮ್ಮೆಯೇ ಅಂದಿತು. ಕಣ್ಣಲ್ಲಿ ನೀರು ತಂದುಕೊಂಡಿತು. ಆಮೇಲೆ ಬಾಗಿಲಿನ ಎದುರು ಸೂರ್ಯ ಹುಟ್ಟಿದ. ಚಿನ್ನದ ಬಣ್ಣ. ಹಕ್ಕಿಗಳು. ಒಟ್ಟಿನಲ್ಲಿ ಹೇಳುವುದಾದರೆ...

ಹುಡುಗಿ ದಡಕ್ಕನೆ ಎದ್ದು ಕೂತಳು.

ಉದ್ದ ಉದಯ ಹೊರಗೆ ಕಾಯುತ್ತಿದ್ದ. 'ಏನಾಯ್ತೇ? ಚೆನ್ನಾಗಿಲ್ವಾ?'

'ಚೆನ್ನಾಗೇನೋ ಇದೆ. ಆದ್ರೆ ನಮ್ಮನೆ ಬಾಗಿಲು ಪಡುವಣಕ್ಕೆ ಕಣೋ! ಅದರೆದುರು ಸೂರ್ಯ ಹೇಗೆ ಹುಟ್ತಾನೆ? ನಾನು ಹುಟ್ಟಿದಾಗಿಂದ ನೋಡಿದ್ದೀನಿ, ಮುಳುಗ್ತಾನೆ ಅಲ್ಲಿ.'

'ಅಷ್ಟೆಲ್ಲ ಯಾರು ನೋಡ್ತಾರೆ?'

'ನಾನು ನೋಡಿದ್ನಲ್ಲ.'

ನೀತಿ ನಿಯತ್ತು ಅಂತೆಲ್ಲ ಏನೂ ಅಲ್ಲ ಸಾರ್. ತನ್ನ ಮನೆಯ ಬಾಗಿಲನ್ನು ಯಾರೋ ತಿರುಗಿಸಿ ಇಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅಷ್ಟೇ.

ಹೆಸರಿನ ಸಂಜೆ. ಮೆಟ್ಟಿಲ ಮೇಲೆ ಹಿರಿಯರು, ಕೆಳಗೆ ಉದಯಗಳು, ಹಿಂದೆ ಊರು. ಊರಿನ ಹಿಂದೆ, ಕಂಬದ ಪಕ್ಕ, ಅವ್ವ. ಹುಡುಗಿ ಮೆಟ್ಟಿಲು ಹತ್ತಿದಳು.

'ಏನು ಕಂಡೆ?' ಅಂದರು ಸೌತೆಕಾಯಿಯವರು, ಕಣ್ಣು ಮುಚ್ಚಿಕೊಂಡು.

'ಎಮ್ಮೆ ಕಂಡೆ ಅಯ್ಯಾ. ಕೊಂಬಿಗೆ ಕಂದೀಲು ಇತ್ತು. ಹಗಲಲ್ಲೇ ಉರೀತಿತ್ತು.'

ಸೌತೆಕಾಯಿಯವರು ಒಂದು ಕಣ್ಣು ತೆರೆದರು. ಬಹಳ ದಿನಗಳಿಂದ ಮೆಟ್ಟಿಲ ಮೇಲೆ ಎಮ್ಮೆ ಬಂದಿರಲಿಲ್ಲ. 'ನದಿ ಎಲ್ಲಿ?'

'ನದಿ ಇರಲಿಲ್ಲ ಅಯ್ಯಾ.'

'ಅಜ್ಜಿ?'

'ಅಜ್ಜಿನೂ ಬಂದಿರಲಿಲ್ಲ. ಎಮ್ಮೆ ನಮ್ಮನೆ ಬಾಗಿಲಿಗೆ ಬಂದು, ಇದು ಯಾರ ಮನೆ ಅಂತು.'

'ಆಮೇಲೆ?'

'ಎಚ್ಚರ ಆಯ್ತು.'

'ಎಚ್ಚರ ಆಗೋದು ಕನಸಲ್ಲಮ್ಮ.'

'ಅದಕ್ಕೇ ಅಲ್ಲಿಗೆ ನಿಲ್ಲಿಸಿದೆ ಅಯ್ಯಾ.'

ಉದಯಗಳಲ್ಲಿ ಯಾರೋ ಕಿಸಕ್ಕೆಂದರು. ಸೌತೆಕಾಯಿಯವರ ಸೊಂಟದಿಂದ ದಿಂಬು ಅಂದಿತು, 'ಉತ್ತಮ ಪ್ರಯತ್ನ. ಇನ್ನೂ ಸ್ವಲ್ಪ ಆಳ ಬೇಕಿತ್ತು.' ಅವರು ಕೆಮ್ಮಿ ಅದನ್ನು ಮುಚ್ಚಿದರು. 'ತಲೆ ಬಗ್ಗಿಸು' ಅಂದರು.

ಹುಡುಗಿ ತಲೆ ಬಗ್ಗಿಸಿದಳು. ಕೂದಲ ತುಂಬ ಹತ್ತಿ. ಹುಟ್ಟಿದಂದಿನಿಂದ ಹತ್ತಿಯ ನಡುವೆ ಬೆಳೆದವಳು, ಅವಳ ಕೂದಲಿಗೆ ಹತ್ತಿ ಇಲ್ಲದ ದಿನವೇ ಇರಲಿಲ್ಲ.

'ಕಳ್ಳಿ!' ಅಂದರು ಹಿರಿಯರು.

'ಅಯ್ಯಾ, ಇವಳ ಅವ್ವ ಹತ್ತಿ ಹಿಂಜೋಳು' ಅಂತ ಉದ್ದ ಉದಯ ಕೂಗಿದ.

'ನೋಡಿ, ಎಂಥಾ ತಯಾರಿ' ಅಂದರು ಪಕ್ಕದ ಹಿರಿಯರು. 'ಕಳ್ಳತನ ಮುಚ್ಚಲಿಕ್ಕೆ ಕಸುಬನ್ನೇ ಮುಂಚೆಯಿಂದ ಇಟ್ಟುಕೊಂಡಿದ್ದಾರೆ.' ಕೆಳಗೆ ಎಣ್ಣೆ ಹಚ್ಚಿದ ತಲೆಗಳು ಸಾಲಾಗಿ, ನಿರಪರಾಧಿಗಳಾಗಿ ಹೊಳೆಯುತ್ತಿದ್ದವು.

ಸೌತೆಕಾಯಿಯವರು ಎದ್ದು ನಿಂತರು. 'ಈ ಹುಡುಗಿಗೆ ಹೆಸರಿಲ್ಲ' ಅಂದರು. ಕಂಬದ ಪಕ್ಕ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. 'ಉದಯ, ಇವಳನ್ನ ಹೊರಗೆ ಕರಕೊಂಡು ಹೋಗು.'

ಎಲ್ಲ ಉದಯಗಳೂ ಎದ್ದವು.

'ಒಬ್ಬ ಸಾಕು, ಒಬ್ಬ' ಅಂದರು ಹಿರಿಯರು. ಯಾವ ಒಬ್ಬ ಅಂತ ಹೇಳಲಿಕ್ಕೆ ಅವರ ಹತ್ತಿರ ಬೇರೆ ಹೆಸರಿರಲಿಲ್ಲ. ಎಲ್ಲರೂ ಹೋದರು. ಅಂಗಳ ಖಾಲಿಯಾಯಿತು, ಹಿರಿಯರು ಮಾತ್ರ ಮೆಟ್ಟಿಲ ಮೇಲೆ ಉಳಿದರು, ತಮ್ಮ ತಮ್ಮ ಸೊಂಟಗಳ ಜೊತೆ.

ಹೊರಗೆ ಬೀದಿಯಲ್ಲಿ ಉದಯಗಳು ಅವಳನ್ನು ಸುತ್ತುವರಿದವು. ಬೈಯಲು ಅಂತ ಅಂದುಕೊಂಡಳು.

'ಆಮೇಲೆ ಏನಾಯ್ತೇ? ಒಳಗೆ ಬಂತಾ?' ಅಂದಳು ಒಬ್ಬಳು ಉದಯ.

'ಹಗಲಲ್ಲಿ ಕಂದೀಲು ಯಾಕೆ?' ಅಂದ ಇನ್ನೊಬ್ಬ.

'ಅದಕ್ಕೆ ಯಾರ ಮನೆ ಬೇಕಾಗಿತ್ತು?'

'ಗೊತ್ತಿಲ್ಲ ಅಂದ್ನಲ್ಲ' ಅಂತ ಹುಡುಗಿ ಅತ್ತುಬಿಟ್ಟಳು. ಉದಯಗಳ ಸೂರ್ಯನ ಬಗ್ಗೆ ಯಾರೂ ಯಾವತ್ತೂ 'ಆಮೇಲೆ?' ಅಂತ ಕೇಳಿರಲಿಲ್ಲ ಅನ್ನುವುದು ಅವರಿಗೆ ಆಗಲೇ ಹೊಳೆದಿರಬೇಕು. ಹೊಳೆಯಿತೋ ಇಲ್ಲವೋ, ನಾನು ಹಾಗೆ ಹೇಳುತ್ತಿದ್ದೇನೆ.

ಮರುದಿನ ಮಧ್ಯಾಹ್ನ ಊಟ, ಊಟದ ಮೇಲೆ ಮಜ್ಜಿಗೆ, ಮಜ್ಜಿಗೆಯ ಮೇಲೆ ಚಾಪೆ, ಚಾಪೆಯ ಮೇಲೆ ನಿದ್ದೆ. ನಿದ್ದೆಯ ಒಳಗೆ ಎಮ್ಮೆ.

ಎಲ್ಲರ ನಿದ್ದೆಯೊಳಗೂ ಎಮ್ಮೆ. ಹೇಳಿ ಮುಗಿಸದೆ ಬಿಟ್ಟ ಕನಸು ಊರಿನಲ್ಲಿ ಅಲೆಯತೊಡಗಿತ್ತು. ಉದಯಗಳ ಬಾಗಿಲಿಗೆ ಹೋಗಿ ಕೇಳಿತು:

'ಇದು ಯಾರ ಮನೆ?'

'ಉದಯನ ಮನೆ.'

'ಪಕ್ಕದ್ದು?'

'ಅದೂ ಉದಯನದೇ.'

'ಎದುರಿನದು?'

'ಅಲ್ಲೂ ಉದಯ.'

'ಹಾಗಾದ್ರೆ ನೀನು ಯಾವೋನು?' ಅಂತ ಎಮ್ಮೆ ಕಂದೀಲನ್ನು ಮುಖದ ಹತ್ತಿರ ತಂದು ನೋಡುತ್ತಿತ್ತು. ಅಲ್ಲಿಗೆ ಎಚ್ಚರ.

ದಿಂಬಿನ ಮೇಲೆ ಮಲಗಿದವರಿಗೆ ಇನ್ನೂ ಕಷ್ಟ. ನದಿ ಬಂತು, ಅಜ್ಜಿ ಬಂದಳು, ಬೆಟ್ಟ ಹತ್ತಿದರು, ಸರಿಯಾಗಿ ಸೂರ್ಯ ಹುಟ್ಟುವ ಜಾಗದಲ್ಲಿ ಎಮ್ಮೆ ಅಡ್ಡ ನಿಂತಿತ್ತು. ಎಮ್ಮೆ ಅಡ್ಡ ನಿಂತರೆ ಯಾವ ಸೂರ್ಯ ಕಾಣುತ್ತಾನೆ? ಬರೀ ಹಿಂಭಾಗ ಕಂಡಿತು. ಆವತ್ತು ಸಂಜೆ ಹೇಳಲು ಯಾರೂ ಮೆಟ್ಟಿಲು ಹತ್ತಲಿಲ್ಲ.

ಸೌತೆಕಾಯಿಯವರನ್ನೂ ಬಿಡಲಿಲ್ಲ. 'ಇದು ಸೌತೆಕಾಯಿಯ ಮನೆ, ಊರಲ್ಲಿ ಇನ್ನೊಬ್ಬನಿಗೆ ಈ ಹೆಸರಿಲ್ಲ' ಅಂತ ಅವರು ಕನಸಿನಲ್ಲಿ ಎದೆಯುಬ್ಬಿಸಿದರು. ಎಮ್ಮೆ ಕ್ಷಣ ಯೋಚಿಸಿ, 'ಒಪ್ಪಿದೆ. ಈಗ ನನ್ನನ್ನ ಕಾಣ್ತಿರೋದು ಸೌತೆಕಾಯೋ, ಸೊಂಟದ ದಿಂಬೋ?' ಅಂತು.

ಹೀಗೆ ದಿನ, ಹೀಗೆ ವಾರ. ಊರಿಗೆ ನಿದ್ದೆಯಿಲ್ಲ. ಕಣ್ಣು ಕೆಂಪಾದ ಹಿರಿಯರು, ಆಕಳಿಸುವ ಉದಯಗಳು. ಕೊನೆಗೆ ಒಂದು ಮಧ್ಯಾಹ್ನ ಸೌತೆಕಾಯಿಯವರು ಪೇಟವಿಲ್ಲದೆ, ಬರಿಗಾಲಲ್ಲಿ, ಪಡುವಣದ ಬೀದಿಗೆ ಓಡಿ ಬಂದರು. ಹಿಂದೆ ಇಡೀ ಊರು.

'ಮಗಳೇ, ಮಲಗಮ್ಮ' ಅಂದರು. 'ಆ ಎಮ್ಮೆಗೆ ಏನಾದ್ರೂ ಒಂದು ಉತ್ತರ ಹೇಳಿ ಕಳಿಸು.'

ಹುಡುಗಿ ಮೂಲೆಯಲ್ಲಿ ಹತ್ತಿಯಿಂದ ಬೀಜ ಬಿಡಿಸುತ್ತಾ ಕೂತಿದ್ದಳು. 'ನನ್ನನ್ನ ಹೊರಗೆ ಹಾಕಿದ್ದೀರಲ್ಲ ಅಯ್ಯಾ, ಈಗ ನಾನು ಏ. ಏಗಳು ಮಧ್ಯಾಹ್ನ ಮಲಗೋದಿಲ್ಲ.'

'ಮಲಗು ತಾಯಿ, ಹೆಸರು ಕೊಡ್ತೀನಿ.'

'ಕನಸು ಬೀಳದೇ ಕೊಡ್ತೀರಾ?'

ಎಷ್ಟೆಂದರೂ ಹಿರಿಯರು, ಸೌತೆಕಾಯಿಯವರಿಗೆ ಆ ಪ್ರಶ್ನೆಗೆ ಹೂಂ ಅನ್ನಲು ಬಾಯಿ ಬರಲಿಲ್ಲ. ಹುಡುಗಿಗೆ ಅದು ಹಿಡಿಸಿರಬೇಕು. ಹತ್ತಿಯ ಗುಡ್ಡೆಯ ಮೇಲೆ ಹೋಗಿ ಮಲಗಿದಳು.

ನಿದ್ದೆ ಎಲ್ಲಿ ಬರುತ್ತದೆ? ಕಿಟಕಿಯಲ್ಲಿ ಉದಯಗಳು, ಬಾಗಿಲಲ್ಲಿ ಉದಯಗಳು, ಎಲ್ಲರೂ ಉಸಿರು ಬಿಗಿಹಿಡಿದು ಅವಳ ರೆಪ್ಪೆಯನ್ನೇ ನೋಡುತ್ತಿದ್ದರೆ? ಅವ್ವ ಹತ್ತಿ ಹಿಂಜುವ ಬಿಲ್ಲು ಎತ್ತಿಕೊಂಡಳು. 'ಏನು ಹೆರಿಗೆ ನೋಡೋಕೆ ಬಂದಿದ್ದೀರಾ? ನಡೀರಿ ಆಚೆ! ನೀವೂ ಸೌತೆಕಾಯಪ್ಪ, ಸರೀರಿ ಆ ಕಡೆ!' ಅಂತ ಎಲ್ಲರನ್ನೂ ಬೀದಿಗೆ ಅಟ್ಟಿದಳು. ಆಮೇಲೆ ಬಾಗಿಲಲ್ಲಿ ಕೂತು, ಅಭ್ಯಾಸಬಲದಿಂದ ಬಿಲ್ಲು ಮೀಟಿದಳು. ಟಂಯ್. ಟಂಯ್. ಆ ಸದ್ದಿಗೇ ಹುಟ್ಟಿ ಬೆಳೆದ ಹುಡುಗಿ ನಿದ್ದೆ ಹೋದಳು.

ಬೀದಿಯ ಆ ತುದಿಯಿಂದ ಎಮ್ಮೆ ಬಂತು. ಈ ಸಲ ಕುಂಟುತ್ತಿತ್ತು. ಊರಿನ ಎಲ್ಲ ಬಾಗಿಲಿಗೂ ಹೋಗಿ ಬಂದಿತ್ತಲ್ಲ. ಕಂದೀಲಿನ ಗಾಜಿಗೆ ಮಸಿ ಹಿಡಿದಿತ್ತು. ಬಂದು, ಬಾಗಿಲಲ್ಲಿ ನಿಂತು, ಕತ್ತು ಚಾಚಿ ಕೇಳಿತು:

'ಇದು ಯಾರ ಮನೆ?'

ಹುಡುಗಿ ಹೆಸರು ಹುಡುಕಲಿಲ್ಲ. 'ಯಾರದೋ ಏನೋ. ಇಲ್ಲಿ ಇರೋರು ಇಬ್ಬರು, ಇಬ್ಬರಿಗೂ ಹೆಸರಿಲ್ಲ. ಎಷ್ಟೊಂದು ಸೊರಗಿದ್ದೀಯ ನೀನು, ಒಳಗೆ ಬಾ, ನೀರು ಕುಡಿ.'

ಎಚ್ಚರವಾಗಲಿಲ್ಲ.

ಎಮ್ಮೆ ಅವಳನ್ನೇ ನೋಡಿತು. 'ಊರಲ್ಲಿ ಎಲ್ಲರೂ ಹೆಸರು ಹೇಳಿದರು' ಅಂತು. 'ಒಳಗೆ ಬಾ ಅಂದೋಳು ನೀನೊಬ್ಬಳೇ.'

ಬಾಗಿಲು ಚಿಕ್ಕದು, ಕೊಂಬು ದೊಡ್ಡದು. ಎಮ್ಮೆ ತಲೆ ಓರೆ ಮಾಡಿ, ಕೊಂಬಿನ ಕಂದೀಲನ್ನು ಬಾಗಿಲ ಪಕ್ಕದ ಗೂಟಕ್ಕೆ ತಗಲಿಸಿ, ಒಳಗೆ ಹೋಗಿ ಬಾನಿಯಲ್ಲಿ ನೀರು ಕುಡಿಯತೊಡಗಿತು. ಹುಡುಗಿ ಬಾಗಿಲಲ್ಲೇ ನಿಂತು ನೋಡಿದಳು. ಎದುರಿಗೆ ಸೂರ್ಯ, ಪಡುವಣದಲ್ಲಿ, ಎಂದಿನ ಹಾಗೆ ಮುಳುಗುತ್ತಿದ್ದ. ಪೂರ್ತಿ ಮುಳುಗಿದ. ಗೂಟದಲ್ಲಿ ಕಂದೀಲು ಉರಿಯುತ್ತಿತ್ತು.

ಎದ್ದು ಬಂದು ಅವಳು ಇಷ್ಟನ್ನೂ ಬೀದಿಯಲ್ಲೇ ನಿಂತು ಹೇಳಿದಳು. ಸೌತೆಕಾಯಿಯವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೇಳಿದರು. ಸೊಂಟದ ದಿಂಬು ಮನೆಯಲ್ಲೇ ಮರೆತು ಬಂದಿದ್ದರು. ಅಭ್ಯಾಸ ಬಿಡಬೇಕಲ್ಲ, ಕೊನೆಯಲ್ಲಿ ಕೇಳಿಯೇಬಿಟ್ಟರು: 'ಸಾರಾಂಶ ಏನಮ್ಮ?'

'ಎಮ್ಮೆಗೆ ಬಾಯಾರಿಕೆ ಆಗಿತ್ತು ಅಯ್ಯಾ.'

ಅವರು ತುಂಬ ಹೊತ್ತು ತಲೆದೂಗಿದರು. ಆಮೇಲೆ ಎದ್ದು ಕೂಗಿದರು: 'ಕಂದೀಲು!'

ಬೀದಿಯಲ್ಲಿ ಒಬ್ಬಳೇ ತಿರುಗಿ ನೋಡಿದಳು.

ಅವ್ವ ಆ ಹೆಸರನ್ನು ಪರೀಕ್ಷೆ ಮಾಡುವವಳ ಹಾಗೆ ಮತ್ತೆ ಮತ್ತೆ ಕೂಗಿದಳು. ಕಂದೀಲೂ. ಏ ಕಂದೀಲು. ಕೂಗಿದಷ್ಟು ಸಲವೂ ಒಬ್ಬಳೇ 'ಏನವ್ವ' ಅಂದಳು. ಮಗಳು ಅವ್ವನ ಕೈಯಿಂದ ಬಿಲ್ಲು ಕಿತ್ತುಕೊಂಡು, 'ನಾನು ಹಿಂಜ್ತೀನಿ, ನೀನು ಮಲಗು' ಅಂತ ಹತ್ತಿಯ ಗುಡ್ಡೆಗೆ ದೂಡಿದಳು. ಅವ್ವ ಹುಟ್ಟಿದ ಮೇಲೆ ಮೊದಲ ಸಲ ಹಗಲಲ್ಲಿ ಮಲಗಿದಳು. ಮಲಗಿದವಳು ಎದ್ದದ್ದು ಮಾರನೆಯ ದಿನ ಮಧ್ಯಾಹ್ನ, ಊರಿಗೆ ಊರೇ ಅಂಗಳದಲ್ಲಿ ಕಾಯುತ್ತಿರುವಾಗ.

'ಏನು ಕಂಡೆ ತಾಯಿ?' ಅಂದರು ಹಿರಿಯರು.

'ಏನೂ ಇಲ್ಲ ಕಣಪ್ಪ. ನಿದ್ದೆ. ಮೊದಲೂ ನಿದ್ದೆ, ಕೊನೇಗೂ ನಿದ್ದೆ.' ಆಕಳಿಸಿದಳು. 'ಎಷ್ಟು ಚೆನ್ನಾಗಿತ್ತು ಅಂತೀಯ.'

ನಿಯಮ ಅಂದರೆ ನಿಯಮ. ಕೊನೆಯಲ್ಲಿ ಕಂಡದ್ದೇ ಹೆಸರು. ಈಗ ಅವಳನ್ನು ಊರಲ್ಲಿ ನಿದ್ದೆವ್ವ ಅಂತಾರೆ.

ದಿಂಬು ಏನಾಯಿತು? ಎಲ್ಲೂ ಹೋಗಿಲ್ಲ, ಮಂಟಪದಲ್ಲೇ ಇದೆ. ಕೆಲವು ಉದಯಗಳು ಬರೀ ಚಾಪೆಯ ಮೇಲೆ ಮತ್ತೆ ಮಲಗಿ ಬೇರೆ ಹೆಸರು ತಂದುಕೊಂಡರು, ಒಬ್ಬ ಈಗ ಬಿಸಿ ದೋಸೆಕಲ್ಲು, ಒಬ್ಬಳು ಮಾವನ ಮೀಸೆ. ಉದ್ದ ಉದಯ ಮಾತ್ರ ಉದಯನಾಗಿಯೇ ಉಳಿದ. 'ಅಭ್ಯಾಸ ಆಗಿದೆ ಬಿಡಿ, ಹೇಗೂ ಉದ್ದ ನನ್ನದೇ' ಅನ್ನುತ್ತಾನೆ. ಹಗ್ಗದ ಕೆಳಗೆ ಈಗಲೂ ಯಾರೋ ನುಸುಳುತ್ತಾರೆ, ಸಿಕ್ಕಿಬಿದ್ದರೆ ಬರೀ ನದಿಗೆ ಮಾತ್ರ ಅನ್ನುತ್ತಾರೆ.

ಅಲ್ಲ, ನನ್ನ ವಾದದ ಕಥೆ ಬಿಟ್ಟೇಬಿಟ್ಟೆ. ಆ ವಾರ ನಾನೂ ಆ ಊರಲ್ಲಿ ಒಂದು ಮನೆ ಹಿಡಿದು ಮಲಗಿದ್ದೆನಲ್ಲ, ಎಮ್ಮೆ ನನ್ನ ಬಾಗಿಲಿಗೂ ಬಂತು. ಇದು ಯಾರ ಮನೆ ಅಂತು. ನಾನು ಜಾಣ, ಬಾಡಿಗೆ ಮನೆ ಅಂದೆ. 'ಹಾಗಾದ್ರೆ ಒಳಗೆ ಬಾ ಅನ್ನೋಕೂ ಓನರನ್ನ ಕೇಳ್ಬೇಕಾ?' ಅಂತು. ಇವತ್ತಿಗೂ ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ.

ಯಾಕೆ ಸಾರ್ ನನ್ನ ತಲೆಯನ್ನೇ ಹಾಗೆ ನೋಡುತ್ತಿದ್ದೀರಿ? ಅದು ಹತ್ತಿ ಅಲ್ಲ, ನರೆಗೂದಲು. ಕಥೆ ಪೂರಾ ನನ್ನದೇ. ಆಯಿತು, ನದಿ ಒಂದು ಬಿಟ್ಟು. ಟೀ ಆರಿಹೋಯಿತು, ಕುಡಿದುಬಿಡಿ, ಏಳುವಾಗ ನನ್ನದಕ್ಕೂ ಸೇರಿಸಿ ದುಡ್ಡು ಕೊಟ್ಟುಬಿಡಿ.